ದನ ತಿಂತಾವೇನ್ಲಾ?

ಬೆಂಗಳೂರಿನಲ್ಲಿ ಇರುವವರು ಲಾಲ್‌ಬಾಗಿಗೆ ಹೋಗುವುದು ಎರಡೇ ಕಾರಣಕ್ಕೆ. ಒಂದು, ಡಾಕ್ಟರು ‘ದಿನಾ ನಡೀರಿ’ ಅಂದಾಗ. ಇನ್ನೊಂದು, ಊರಿಂದ ನೆಂಟರು ಬಂದಾಗ. ನನಗೆ ಮೊದಲನೆಯ ಕಾರಣ ಒದಗಿ ನಾಲ್ಕು ವರ್ಷವಾಗಿತ್ತು, ಹೋಗಿರಲಿಲ್ಲ. ದಿನವೂ ಆಫೀಸಿಗೆ ಹೋಗುವಾಗ ಮೆಟ್ರೋ ಕಿಟಕಿಯಿಂದ ಆ ಮರಗಳ ನೆತ್ತಿ ಕಾಣುತ್ತದಲ್ಲ, ಅದನ್ನೇ ವ್ಯಾಯಾಮದ ಲೆಕ್ಕಕ್ಕೆ ಬರೆದುಕೊಂಡಿದ್ದೆ. ಎರಡನೆಯ ಕಾರಣ ಹೋದ ಮಾರ್ಚಿಯಲ್ಲಿ ಶಿರಾ ಬಸ್ಸಿನಿಂದ ಇಳಿಯಿತು. ಒಂದು ಕೈಯಲ್ಲಿ ಹುಣಸೆಹಣ್ಣಿನ ಚೀಲ, ಇನ್ನೊಂದರಲ್ಲಿ ಕಡಲೆಕಾಯಿ ಚೀಲ. ನಮ್ಮ ದೊಡ್ಡತ್ತೆ.

ದೊಡ್ಡತ್ತೆ ನಮ್ಮಪ್ಪನ ತಂಗಿಯರಲ್ಲಿ ದೊಡ್ಡವರು. ವಯಸ್ಸು ಎಪ್ಪತ್ತು ದಾಟಿ ಎಷ್ಟು ಮುಂದೆ ಹೋಗಿದೆಯೋ ಅವರಿಗೂ ಲೆಕ್ಕವಿಲ್ಲ, ಕೇಳುವ ಧೈರ್ಯ ನಮಗೂ ಇಲ್ಲ. ಎರಡು ಎಕರೆ ಹೊಲ, ಒಂದು ಹಸು, ನಾಲ್ಕು ಮೇಕೆ, ಇಷ್ಟರ ಮೇಲೆ ಪೂರ್ತಿ ಹತೋಟಿ. ಅವರ ಎದುರು ನಾವು ಮೂರು ಜನ ಐದನೆಯ ಆರನೆಯ ಏಳನೆಯ ಮೇಕೆಗಳು.

ಭಾನುವಾರ ಎಲ್ಲಿಗೆ ಹೋಗುವುದು ಅನ್ನುವುದರ ಬಗ್ಗೆ ಶನಿವಾರ ರಾತ್ರಿ ಸಭೆ ಸೇರಿತು. ಮಗ ಮಾಲ್ ಅಂದ. ಹೆಂಡತಿ ದೇವಸ್ಥಾನ ಅಂದಳು. ದೊಡ್ಡತ್ತೆ ಹುಣಸೆಹಣ್ಣಿನ ನಾರು ಬಿಡಿಸುತ್ತಾ, ‘ಲಾಲ್‌ಬಾಗು ಇನ್ನಾ ಐತೇನ್ಲಾ?’ ಅಂದರು. ಮದುವೆಯಾದ ಹೊಸದರಲ್ಲಿ ಮಾವನ ಜೊತೆ ಬಂದಿದ್ದರಂತೆ. ಒಂದು ದೊಡ್ಡ ಮರದ ಮುಂದೆ ಇಬ್ಬರನ್ನೂ ನಿಲ್ಲಿಸಿ ಫೋಟೊದವನೊಬ್ಬ ಫೋಟೊ ತೆಗೆದನಂತೆ. ಮಾವ ಮೂರು ರೂಪಾಯಿ ಕೊಟ್ಟರಂತೆ. ಪೋಸ್ಟಿನಲ್ಲಿ ಕಳಿಸುತ್ತೇನೆ ಅಂದವನು ಇನ್ನೂ ಕಳಿಸಿಲ್ಲ. ‘ಸಿಕ್ಕಿದ್ರೆ ಕೇಳ್ಬೇಕು’ ಅಂದರು. ಮಾವ ತೀರಿಕೊಂಡೇ ಹನ್ನೆರಡು ವರ್ಷವಾಗಿದೆ. ಆದರೂ ಸಾಲ ಸಾಲವೇ.

ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ತೀರ್ಮಾನವಾಯಿತು, ಹತ್ತೂವರೆಗೆ ಹೊರಟೆವು. ಇದರಲ್ಲಿ ಒಂದು ಆರ್ಥಿಕ ನಷ್ಟವೂ ಇದೆ. ಬೆಳಗಿನ ಹೊತ್ತು ನಡೆಯಲು ಬರುವವರಿಗೆ ಲಾಲ್‌ಬಾಗಿನಲ್ಲಿ ಟಿಕೆಟ್ ಇಲ್ಲ, ಬಿಸಿಲೇರಿದ ಮೇಲೆ ಬರುವವರಿಗೆ ಉಂಟು. ಅಂದರೆ ಬೊಜ್ಜು ಕರಗಿಸಲು ಬಂದರೆ ಬಿಟ್ಟಿ, ಖುಷಿಪಡಲು ಬಂದರೆ ಸುಂಕ. ದೊಡ್ಡತ್ತೆ ನಾಲ್ಕೂವರೆಗೇ ಎದ್ದು ಚಿತ್ರಾನ್ನ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಡಬ್ಬಿ ಕಟ್ಟಿ, ಸೀರೆಯುಟ್ಟು ಸೋಫಾದ ತುದಿಯಲ್ಲಿ ಕೂತಿದ್ದರು. ನಾವು ಒಬ್ಬೊಬ್ಬರಾಗಿ ಎದ್ದು ಬರುವುದನ್ನು ಸಂತೆಗೆ ತಡವಾಗಿ ಬಂದ ದನಗಳನ್ನು ನೋಡುವ ಹಾಗೆ ನೋಡುತ್ತಿದ್ದರು.

ಕಾರಿನಲ್ಲಿ ನಾನು ಒಂದು ತಪ್ಪು ಮಾಡಿದೆ. ನಮ್ಮ ಕಡೆಯ ನೆಂಟರಿಗೆ ಬೆಂಗಳೂರು ತೋರಿಸುವಾಗ ನನಗೆ ಒಂದು ದನಿ ಬರುತ್ತದೆ. ಹೆಂಡತಿ ಅದನ್ನು ‘ಗೈಡ್ ದನಿ’ ಅನ್ನುತ್ತಾಳೆ. ಆ ದನಿಯಲ್ಲಿ ಶುರುಮಾಡಿದೆ: ಅತ್ತೆ, ಈ ತೋಟ ಮಾಡಿಸಿದ್ದು ಹೈದರಾಲಿ. 1760ರಲ್ಲಿ. ಆಗ ನಲವತ್ತು ಎಕರೆ, ಈಗ 240 ಎಕರೆ. ಅವನ ಮಗ ಟಿಪ್ಪು ಆಫ್ಘಾನಿಸ್ತಾನದಿಂದ, ಪರ್ಷಿಯಾದಿಂದ ಗಿಡ ತರಿಸಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ದಿನ ನನ್ನದಾಗಿರುತ್ತಿತ್ತು. ಅವರಿಗೆ ಹಿತವಾಗಲೆಂದು ಇನ್ನೊಂದು ಮಾತು ಸೇರಿಸಿದೆ. ‘ಹೈದರಾಲಿ ಇದನ್ನ ಮಾಡಿಸಿದ್ದು ನಿಮ್ಮ ಶಿರಾದಲ್ಲಿದ್ದ ಮೊಗಲರ ತೋಟ ನೋಡಿಯಂತೆ.’

ಹಿಂದಿನ ಸೀಟಿನಲ್ಲಿ ಕೊಂಚ ಹೊತ್ತು ಸದ್ದಿಲ್ಲ. ಆಮೇಲೆ ಬಂತು: ‘ಅಂಗಾರೆ ಇದು ನಮ್ಮದೇ ಅನ್ನು.’

ಈ ಮಾತನ್ನು ಸುಳ್ಳು ಅನ್ನುವ ಹಾಗಿಲ್ಲ ನೋಡಿ. ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ಅಲ್ಲಿನ ಸುಬೇದಾರ ದಿಲಾವರ್ ಖಾನನ ಅರಮನೆ ನೋಡಿಯೇ ಬೆಂಗಳೂರಿನ, ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿದರೆಂದೂ ಹೇಳುತ್ತಾರೆ. ಈಗ ಶಿರಾ ಅಂದರೆ ನಮ್ಮ ಬೆಂಗಳೂರಿಗರಿಗೆ ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ, ಕಾಫಿ ಕುಡಿಯುವ ಜಾಗ. ಅಷ್ಟು ದೊಡ್ಡ ಊರು ಬೆಂಗಳೂರಿಗೆ ತೋಟ ಕೊಟ್ಟು, ಅರಮನೆಯ ನಕ್ಷೆ ಕೊಟ್ಟು, ತಾನು ಕಡಲೆಕಾಯಿ ಬೆಳೆದುಕೊಂಡು ಮಳೆಗೆ ಕಾಯುತ್ತಾ ಕೂತಿದೆ. ಇದನ್ನು ನಾನು ಗಟ್ಟಿಯಾಗಿ ಹೇಳಲಿಲ್ಲ. ಹೇಳಿದ್ದಷ್ಟಕ್ಕೇ ದೊಡ್ಡತ್ತೆ ಗೇಟಿನಲ್ಲಿ, ‘ನಮ್ಮ ತೋಟಕ್ಕೆ ನಾವು ಯಾಕ್ಲಾ ಟಿಕೀಟು ತಗಂಬೇಕು?’ ಅಂತ ನಿಂತುಬಿಟ್ಟಿದ್ದರು.

ಡಬಲ್ ರೋಡ್ ಕಡೆ ಕಾರು ನಿಲ್ಲಿಸಿ ಒಳಗೆ ಹೋದೆವು. ಚಿತ್ರಾನ್ನದ ಡಬ್ಬಿ ಕಾರಿನಲ್ಲೇ ಉಳಿಯಿತು. ಅದರ ಕಥೆ ಆಮೇಲೆ.

ಮೊದಲು ಬಂಡೆ. ಮಾರ್ಚಿ ತಿಂಗಳ ಹನ್ನೊಂದು ಗಂಟೆ ಬಿಸಿಲಿನಲ್ಲಿ ಬಂಡೆ ಹತ್ತುವುದು ಬುದ್ಧಿವಂತರ ಕೆಲಸವಲ್ಲ. ಆದರೆ ಹೆಂಡತಿಯ ಕೈಗಡಿಯಾರ ಆವತ್ತಿನ ಹತ್ತು ಸಾವಿರ ಹೆಜ್ಜೆ ಕೇಳುತ್ತಿತ್ತು. ಮೇಲೆ ಕೆಂಪೇಗೌಡರ ಗೋಪುರ. ಅದರ ಬಗ್ಗೆ ನಿಮಗೆಲ್ಲ ಗೊತ್ತಿರುವುದನ್ನೇ ನಾನೂ ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಬಂಡೆಯ ಹತ್ತಿರ ಒಂದು ಫಲಕ ಇದೆಯಲ್ಲ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ, ಅದನ್ನು ತೋರಿಸಿ ಗೈಡ್ ದನಿ ತೆಗೆದೆ. ಅತ್ತೆ, ಈ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು.

‘ಯಾರ್ಲಾ ಎಣಿಸ್ದೋರು?’

‘ವಿಜ್ಞಾನಿಗಳು.’

ದೊಡ್ಡತ್ತೆ ಚಪ್ಪಲಿ ಬಿಟ್ಟು ಅಂಗಾಲಿನಿಂದ ಬಂಡೆಯನ್ನು ಒಮ್ಮೆ ಒತ್ತಿ ನೋಡಿದರು. ‘ನಮ್ಮ ಕಣದ ಪಕ್ಕದ ಬಂಡೆ ಇದರಪ್ಪನಂಗೈತೆ. ಹುಣಸೇಹಣ್ಣು ಒಣಗಾಕ್ತೀವಿ, ರಾಗಿ ಒಣಗಾಕ್ತೀವಿ. ಒಬ್ಬ ಬಂದು ಬೋರ್ಡ್ ಹಾಕ್ಲಿಲ್ಲ.’

ಮನೆಗೆ ಬಂದ ಮೇಲೆ ಕದ್ದು ಪುಸ್ತಕ ತೆಗೆದು ನೋಡಿದೆ. ಅವರ ಮಾತೇ ಸರಿ. ಲಾಲ್‌ಬಾಗಿನ ಬಂಡೆ ಒಂಟಿ ಬಂಡೆಯಲ್ಲ. ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಅಂತ ಕರೆಯುವ ಈ ಶಿಲೆ ನಮ್ಮ ದಕ್ಷಿಣ ಕರ್ನಾಟಕದ ನೆಲದಡಿ ಬಹುಪಾಲು ಹಾಸಿಕೊಂಡಿದೆ, ಅಲ್ಲಲ್ಲಿ ಬೆನ್ನು ತೋರಿಸುತ್ತದೆ. ಇಲ್ಲಿ ತೋರಿಸಿದ ಬೆನ್ನಿಗೆ ಫಲಕ ಸಿಕ್ಕಿತು, ಅಲ್ಲಿ ತೋರಿಸಿದ ಬೆನ್ನಿಗೆ ರಾಗಿ. ನನ್ನ ಗೈಡ್ ದನಿಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿ.

ಎರಡನೆಯ ಪೆಟ್ಟು ಹೂವಿನ ಗಡಿಯಾರದ ಮುಂದೆ. ಇದು ಎಚ್‌ಎಂಟಿಯವರು ಮಾಡಿಕೊಟ್ಟದ್ದು ಅತ್ತೆ ಅಂದೆ. ‘ಎಚ್ಚೆಮ್ಟಿ ನಮ್ಮ ತುಮಕೂರಿನದು ಕಣ್ಲಾ’ ಅಂದರು. ಮಾವ ಅಲ್ಲೇ ತಯಾರಾದ ವಾಚು ಕಟ್ಟುತ್ತಿದ್ದರು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದಕ್ಕೆ ಕೀ ಕೊಡುತ್ತಿದ್ದರು. ಬೆಂಗಳೂರಲ್ಲೂ ಕಾರ್ಖಾನೆ ಇತ್ತು ಅತ್ತೆ ಅಂತ ನಾನು ತಡವರಿಸುವಷ್ಟರಲ್ಲಿ, ತೋಟ ನಮ್ಮದು, ಬಂಡೆ ನಮ್ಮದು, ಗಡಿಯಾರವೂ ನಮ್ಮದು ಎಂದು ತೀರ್ಪಾಗಿ ಹೋಗಿತ್ತು. ಅಲ್ಲಿಂದ ಮುಂದೆ ಅವರ ನಡಿಗೆಯೇ ಬದಲಾಯಿತು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, ಪಾತಿ ಸರಿಯಾಗಿದೆಯೇ, ಬುಡಕ್ಕೆ ನೀರು ಬಿಟ್ಟಿದ್ದಾರೆಯೇ ಎಂದು ನೋಡುತ್ತಾ, ಬೆಳೆ ನೋಡಲು ಬಂದ ಜಮೀನ್ದಾರಿಣಿಯ ಹಾಗೆ ನಡೆದರು. ಎದುರು ಸಿಕ್ಕಿದ ತೋಟದ ಆಳೊಬ್ಬನಿಗೆ, ‘ಗೊಬ್ಬರ ಏನ್ ಹಾಕ್ತೀರಪ್ಪ?’ ಅಂತಲೂ ಕೇಳಿದರು. ಆತ ನಿಜವಾದ ಯಜಮಾನರಿಗೆ ಹೇಳುವ ಹಾಗೆ ಕೆಲಸ ಬಿಟ್ಟು, ನಿಂತು, ಪೂರ್ತಿ ಉತ್ತರ ಹೇಳಿದ. ನಾನು ಏನಾದರೂ ಕೇಳಿದ್ದರೆ ‘ಆ ಕಡೆ ಹೋಗಿ ಸಾರ್’ ಅನ್ನುತ್ತಿದ್ದ.

ಇನ್ನು ಮರಗಳು. ಸಸ್ಯೋದ್ಯಾನವೆಂದ ಮೇಲೆ ಪ್ರತಿ ಮರಕ್ಕೂ ಒಂದು ಹೆಸರಿನ ಫಲಕ ಇರುತ್ತದಲ್ಲ, ಇದು ನನ್ನಂಥವರಿಗೆ ವರದಾನ. ನಾನು ಹತ್ತು ಹೆಜ್ಜೆ ಮುಂದೆ ನಡೆದು, ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ, ಫಲಕ ಓದಿಕೊಂಡು, ಉಳಿದವರು ಬರುವ ಹೊತ್ತಿಗೆ ಮರವನ್ನು ಕೆಳಗಿಂದ ಮೇಲೆ ನೋಡುತ್ತಾ, ‘ಇದು... ಅನ್ಸುತ್ತೆ, ಮಹಾಗನಿ ಇರ್ಬೇಕು’ ಅನ್ನುತ್ತಿದ್ದೆ. ಮೂರು ಮರ ಸಲೀಸಾಗಿ ನಡೆಯಿತು. ನಾಲ್ಕನೆಯದಕ್ಕೆ ದೊಡ್ಡತ್ತೆ, ‘ಇವ್ನ ಬೂಟಿಗೆ ಏನಾಗೈತೆ ನೋಡವ್ವ, ಮರ ಬಂದಾಗೆಲ್ಲ ಬಿಚ್ಕಳ್ತದೆ’ ಅಂತ ನನ್ನ ಹೆಂಡತಿಗೆ ಹೇಳಿದರು.

ಮಗನ ಹತ್ತಿರ ಬೇರೆ ಉಪಾಯ. ಎಲೆಯ ಫೋಟೊ ತೆಗೆದರೆ ಮರದ ಹೆಸರು ಹೇಳುವ ಆ್ಯಪ್. ಅದು ಒಂದೇ ಮರಕ್ಕೆ ಬುಡದಲ್ಲಿ ಒಂದು, ಕೊಂಬೆಯಲ್ಲಿ ಇನ್ನೊಂದು ಹೆಸರು ಹೇಳಿತು. ನನ್ನ ಮೊಣಕೈಯನ್ನು ಸ್ವಲ್ಪ ತಾಗಿಸಿದ್ದಕ್ಕೆ ಅದನ್ನೂ ಯಾವುದೋ ಕಳ್ಳಿಯ ಜಾತಿಗೆ ಸೇರಿಸಿತು. ಅಂತೂ ಅಪ್ಪನ ಬೂಟು, ಮಗನ ಫೋನು ಎರಡೂ ಸೇರಿ ಒಂದೊಂದು ಮರಕ್ಕೂ ನಾಮಕರಣ ನಡೆಸಿದೆವು. ಲ್ಯಾಟಿನ್ ಹೆಸರು ಓದಿ ಹೇಳಿದಾಗ ದೊಡ್ಡತ್ತೆ, ‘ಇಷ್ಟುದ್ದ ಹೆಸರಿಟ್ರೆ ಕೂಗೋದೆಂಗ್ಲಾ?’ ಅಂದರು. ಅವರಿಗೆ ಹೆಸರು ಬೇಕಾಗಿರಲಿಲ್ಲ. ಎರಡೇ ಪ್ರಶ್ನೆ, ಪ್ರತಿ ಮರಕ್ಕೂ ಅವೇ ಎರಡು. ‘ಕಾಯಿ ಬಿಡ್ತದಾ? ದನ ತಿಂತಾವೇನ್ಲಾ?’

ಈ ಎರಡು ಪ್ರಶ್ನೆಗೆ ಉತ್ತರ ಒಂದು ಫಲಕದಲ್ಲಿಯೂ ಇರಲಿಲ್ಲ. ಮರ ಯಾವ ಕುಟುಂಬದ್ದು, ಯಾವ ದೇಶದ್ದು ಅಂತ ಇರುತ್ತದೆ. ಕನ್ಯಾಪಿತೃಗಳು ಕೇಳುವ ಹಾಗೆ ಗೋತ್ರ ಇದೆ, ಊರಿದೆ. ಸಂಪಾದನೆ ಏನು, ಮನೆಗೆ ಏನು ತರುತ್ತಾನೆ ಅನ್ನುವುದು ಮಾತ್ರ ಇಲ್ಲ.

ಊರಿನ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. ನಮ್ಮ ಬಡಾವಣೆಯಲ್ಲಿ ವಾರಕ್ಕೊಮ್ಮೆ ಬೆಂಗಳೂರು ಯಾರದು, ಹೊರಗಿನವರು ಯಾರು ಅನ್ನುವ ವಾಗ್ಯುದ್ಧ ನಡೆಯುತ್ತದೆ. ನಾನೂ ಆವೇಶದಿಂದ ಭಾಗವಹಿಸುತ್ತೇನೆ. ಶಿರಾ ಕಡೆಯಿಂದ ಬಂದು ಮೂವತ್ತು ವರ್ಷವಾದ್ದರಿಂದ ನನ್ನನ್ನು ನಾನು ಮೂಲನಿವಾಸಿಗಳ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದೇನೆ. ಆವತ್ತು ಫಲಕ ಓದುತ್ತಾ ಓದುತ್ತಾ ಗಂಟಲು ಒಣಗಿತು. ಮೇ ತಿಂಗಳಲ್ಲಿ ನಮ್ಮ ಬೀದಿಯನ್ನೆಲ್ಲ ಕೆಂಪಾಗಿಸುವ, ಅದರ ಕಾಯಿ ಹಿಡಿದು ನಾವು ಕತ್ತಿವರಸೆ ಆಡಿದ ಗುಲ್‌ಮೊಹರ್ ಮಡಗಾಸ್ಕರಿನದು. ನೀಲಿ ಹೂವಿನ ಜಕರಂಡ ದಕ್ಷಿಣ ಅಮೆರಿಕದ್ದು. ಆವತ್ತು ಗುಲಾಬಿ ಬಣ್ಣದ ಕೊಡೆ ಬಿಡಿಸಿ ನಿಂತು ಎಲ್ಲರ ಫೋನಿಗೂ ಪೋಸು ಕೊಡುತ್ತಿದ್ದ ತಬೂಬಿಯಾ ಕೂಡ ಅಮೆರಿಕ ಖಂಡದ್ದೇ. ಮೊಗ್ಗು ಹಿಸುಕಿ ಒಬ್ಬರ ಮುಖಕ್ಕೊಬ್ಬರು ನೀರು ಹಾರಿಸುತ್ತಿದ್ದ ನೀರುಕಾಯಿ ಮರ ಆಫ್ರಿಕಾದ್ದು. ಸೌತೆಕಾಯಿ ನೇತುಹಾಕಿದಂತೆ ಕಾಣುವ ಮರವೂ ಅಲ್ಲಿಯದೇ. 1961ರಲ್ಲಿ ಎಲಿಜಬೆತ್ ರಾಣಿ ಬಂದು ನೆಟ್ಟು ಹೋದ ಕ್ರಿಸ್‌ಮಸ್ ಮರದ ಜಾತಿ ಆಸ್ಟ್ರೇಲಿಯಾದಾಚೆಯ ದ್ವೀಪದ್ದು. ಒಂದಾದರೂ ಬೆಂಗಳೂರು ಹುಟ್ಟಿನ ಮುಖ ಕಾಣಲೆಂದು ಹುಡುಕುತ್ತಾ ಹೋಗಿ ಒಂದು ಮಾವಿನ ಮರದ ಕೆಳಗೆ ನಿಂತು ಸುಧಾರಿಸಿಕೊಂಡೆ.

ನಾಗಲಿಂಗ ಮರದ ಹತ್ತಿರ ದೊಡ್ಡತ್ತೆ ಸೆರಗು ಹೊದ್ದು ಕೈಮುಗಿದರು. ಹೂವಿನೊಳಗೆ ಪುಟ್ಟ ಲಿಂಗ, ಮೇಲೆ ಹೆಡೆ ಬಿಚ್ಚಿದ ನಾಗ, ನೋಡಿದರೆ ಯಾರಾದರೂ ಕೈಮುಗಿಯಬೇಕು. ಮಗ ಸುಮ್ಮನಿರಬೇಕೋ ಬೇಡವೋ, ‘ಅಜ್ಜಿ, ಇದೂ ಸೌತ್ ಅಮೆರಿಕದ ಮರ’ ಅಂದ. ದೊಡ್ಡತ್ತೆ ಕಣ್ಣು ಮುಚ್ಚಿಕೊಂಡೇ, ‘ಅಲ್ಲೂ ಶಿವನೇ ಅಲ್ವೇನೋ ಇರಾದು’ ಅಂದರು. ಅವರು ಆ ಮರಕ್ಕೆ ಮಾತ್ರ ದನದ ಪ್ರಶ್ನೆ ಕೇಳಲಿಲ್ಲ.

ಇಷ್ಟು ಮರಗಳನ್ನು ಇಲ್ಲಿಗೆ ಸೇರಿಸಿದವರ ಪೈಕಿ ಇಬ್ಬರ ಹೆಸರು ಹೇಳದಿದ್ದರೆ ಈ ಹರಟೆಗೆ ಉಪ್ಪಿಲ್ಲ. ಒಬ್ಬನ ಮೇಲೆ ನನಗೆ ಭಕ್ತಿ, ಇನ್ನೊಬ್ಬನ ಮೇಲೆ ಮನಸ್ತಾಪ. ಮನಸ್ತಾಪದವನು ಜಾನ್ ಕ್ಯಾಮರಾನ್. 1874ರಿಂದ 1908ರವರೆಗೆ, ಮೂವತ್ತನಾಲ್ಕು ವರ್ಷ, ಈ ತೋಟ ನೋಡಿಕೊಂಡವನು. ಗಾಜಿನ ಮನೆ ಎದ್ದದ್ದು ಅವನ ಕಾಲದಲ್ಲಿ. ದೊಡ್ಡ ಮನುಷ್ಯ, ಅನುಮಾನವಿಲ್ಲ. ಆದರೆ ಸೀಮೆಬದನೆಕಾಯಿಯನ್ನು ಬೆಂಗಳೂರಿಗೆ ತಂದವನೂ ಅವನೇ. ನನ್ನ ಹೆಂಡತಿಗೆ ಸೀಮೆಬದನೆಯ ಮೇಲೆ ಎಂಥ ಪ್ರೀತಿ ಅಂದರೆ ವಾರದಲ್ಲಿ ಮೂರು ದಿನ ಅದು ನಮ್ಮ ತಟ್ಟೆಯಲ್ಲಿ ಮೈಚಾಚಿ ಮಲಗಿರುತ್ತದೆ. ಪಲ್ಯವಾದರೆ ಪಲ್ಯದ ರುಚಿ, ಸಾಂಬಾರಾದರೆ ಸಾಂಬಾರಿನ ರುಚಿ. ತನ್ನದೂ ಅಂತ ಒಂದು ಅಭಿಪ್ರಾಯವೇ ಇಲ್ಲದ ತರಕಾರಿ. ಅದರ ತವರು ಮೆಕ್ಸಿಕೊ. ನಾವು ಕನ್ನಡಿಗರು ಅದು ಪರಸೀಮೆಯದೆಂದು ಪ್ರಾಮಾಣಿಕವಾಗಿ ‘ಸೀಮೆ’ಬದನೆ ಅಂದೆವು. ತಮಿಳರೂ ತೆಲುಗರೂ ಅದನ್ನು ‘ಬೆಂಗಳೂರು’ ಬದನೆ ಅನ್ನುತ್ತಾರೆ! ಹೊರಗಿನವನು ಅಂತ ನಾವು ಬಾಗಿಲಲ್ಲಿ ನಿಲ್ಲಿಸಿದವನಿಗೆ ಪಕ್ಕದ ಮನೆಯವರು ನಮ್ಮ ಮನೆಯ ಹೆಸರೇ ಇಟ್ಟುಬಿಟ್ಟರು.

ಭಕ್ತಿ ಇರುವುದು ಅವನ ನಂತರ ಬಂದ ಜರ್ಮನಿಯ ಕೃಂಬಿಗಲ್ ಮೇಲೆ. ಬಡೋದೆಯಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಯಾವುದಾದರೂ ಒಂದು ಮರ ಡ್ಯೂಟಿಯಲ್ಲಿ ಇರಬೇಕು ಎಂದು ಲೆಕ್ಕ ಹಾಕಿ ಮರ ನೆಡಿಸಿದವನು ಈ ಪುಣ್ಯಾತ್ಮ. ನಮ್ಮ ಆಫೀಸಿನಲ್ಲಿ ಇಷ್ಟು ಚೆನ್ನಾದ ಪಾಳಿ ವ್ಯವಸ್ಥೆ ಇವತ್ತಿನವರೆಗೂ ಸಾಧ್ಯವಾಗಿಲ್ಲ. ಮಹಾಯುದ್ಧ ಬಂದಾಗ ಬ್ರಿಟಿಷರು ಅವನನ್ನು ಶತ್ರುದೇಶದವನೆಂದು ಹಿಡಿದು ಕೂಡಿಹಾಕಿದರು. ಬಿಡುಗಡೆಯಾದವನು ನೇರ ಗಿಡಗಳ ಹತ್ತಿರಕ್ಕೇ ಬಂದ. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವನ ಹೆಸರಿದೆ. ಆಟೋದವರ ಬಾಯಲ್ಲಿ ಆ ಹೆಸರು ಪಡುವ ಪಾಡು ನೋಡಿದರೆ ಎರಡನೆಯ ಸಲ ಕೂಡಿಹಾಕಿದ ಹಾಗಿರುತ್ತದೆ. ಆಮೇಲೆ ಜವರಾಯರು, ಮರಿಗೌಡರು ಬಂದರು. ಮರಿಗೌಡರ ಕಾಲಕ್ಕೆ ತೋಟಗಾರಿಕೆ ಅನ್ನುವುದು ದೊರೆಗಳ ಶೋಕಿಯಿಂದ ಇಳಿದು ರೈತರ ಹೊಲಕ್ಕೆ ಬಂತು. ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದರ ಹಿಂದೆ ಅವರೇ ಇದ್ದರು. ಇದನ್ನು ಹೇಳಿದಾಗ ದೊಡ್ಡತ್ತೆ ಮೊದಲ ಸಲ ತಲೆದೂಗಿದರು. ‘ಅದು ಕೆಲ್ಸ’ ಅಂದರು.

ಗಾಜಿನ ಮನೆಯ ಮುಂದೆ ನಿಂತು, ಇದಕ್ಕೆ 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ ಅಂದೆ. ‘ಅಂಗಾರೆ ತೋಟ ಶಿರಾದು, ಮನೆ ಲಂಡನ್ನಿಂದು. ಬೆಂಗಳೂರೋರು ಏನ್ ಮಾಡಿದ್ರಿ?’ ಎಂದು ಕೇಳಿದರು. ಟ್ರಾಫಿಕ್ ಅಜ್ಜಿ, ಅಂದ ಮಗ.

ಆವತ್ತು ಗಾಜಿನ ಮನೆ ಖಾಲಿ. ಜನವರಿಯಲ್ಲೋ ಆಗಸ್ಟಿನಲ್ಲೋ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬರಬೇಕು ಅತ್ತೆ, ಲಕ್ಷಗಟ್ಟಲೆ ಹೂವು, ಅಂತ ಹೇಳುತ್ತಿದ್ದೆ. ಹೆಂಡತಿ ನನ್ನನ್ನು ನೋಡಿ ನಕ್ಕಳು. 2022ರ ಆಗಸ್ಟಿನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್ ನೆನಪಿಗೆ ಪ್ರದರ್ಶನ ಮಾಡಿದ್ದರಲ್ಲ, ಗಾಜನೂರಿನ ಮನೆಯನ್ನೇ ಹೂವಿನಲ್ಲಿ ಕಟ್ಟಿದ್ದರಲ್ಲ, ಅದಕ್ಕೆ ನಾವು ಹೋಗಿದ್ದೆವು. ಹೋದದ್ದು ನಿಜ. ನಾನು ನೋಡಿದ್ದು ಮಾತ್ರ ನನ್ನ ಮುಂದಿದ್ದ ಮಹನೀಯರೊಬ್ಬರ ಅಂಗಿಯ ಬೆನ್ನನ್ನು. ನೀಲಿ ಚೌಕಳಿ, ಹೊಲಿಗೆ ಎಡಗಡೆ ಒಂದು ನೂಲು ಬಿಟ್ಟಿತ್ತು. ಮುಕ್ಕಾಲು ಗಂಟೆ ಆ ಬೆನ್ನಿನ ಹಿಂದೆ ತೇಲಿಕೊಂಡು ಒಂದು ಬಾಗಿಲಿನಿಂದ ಹೋಗಿ ಇನ್ನೊಂದು ಬಾಗಿಲಿನಿಂದ ಹೊರಬಿದ್ದೆ. ಆದರೂ ಆವತ್ತು ಪುನೀತನ ಹೂವಿನ ಪ್ರತಿಮೆಯ ಮುಂದೆ ಅಷ್ಟು ಗದ್ದಲದ ಜನ ಏಕಾಏಕಿ ತಣ್ಣಗಾಗಿ ನಿಂತದ್ದು, ಬೆನ್ನಿನ ಹಿಂದಿದ್ದವನಿಗೂ ಗೊತ್ತಾಗಿತ್ತು.

ಒಂದು ಕಲ್ಲುಬೆಂಚಿನ ಮೇಲೆ ಹುಡುಗ ಹುಡುಗಿ ಕೂತಿದ್ದರು. ಲಾಲ್‌ಬಾಗಿನಲ್ಲಿ ಬೆಂಚು ಎಷ್ಟಿದೆಯೋ ಅಷ್ಟು ಜೋಡಿ, ಇದು ಕಪ್ಪುಬಿಳುಪು ಸಿನಿಮಾ ಕಾಲದಿಂದ ನಡೆದುಬಂದದ್ದು. ನಾಗರಿಕರಾದ ನಾವು ಮುಖ ಆ ಕಡೆ ತಿರುಗಿಸಿ ದಾಟುತ್ತೇವೆ. ದೊಡ್ಡತ್ತೆ ಹೋಗಿ ಅದೇ ಬೆಂಚಿನ ಖಾಲಿ ತುದಿಯಲ್ಲಿ ‘ಶಿವನೇ’ ಎಂದು ಕೂತುಬಿಟ್ಟರು. ಜೋಡಿ ಸರಕ್ಕನೆ ಒಂದು ಅಡಿ ದೂರವಾಯಿತು. ದೊಡ್ಡತ್ತೆ ಸೊಂಟದ ಎಲೆಅಡಿಕೆ ಚೀಲದ ಪಕ್ಕದಿಂದ ಊರ ಕಡಲೆಕಾಯಿ ತೆಗೆದು ಇಬ್ಬರ ಕೈಗೂ ಹಾಕಿ, ‘ಯಾವೂರವ್ವ?’ ಅಂದರು. ಹುಡುಗಿ ಮಧುಗಿರಿ ಕಡೆಯವಳು. ಮುಗಿಯಿತು ಕಥೆ. ಯಾವ ಹೋಬಳಿ, ಯಾರ ಮಗಳು, ಬೋರು ಬಿದ್ದಿದೆಯೋ ಇಲ್ಲವೋ, ಎಷ್ಟು ಅಡಿಗೆ ನೀರು, ಎಲ್ಲ ಬಂತು. ಹುಡುಗ ಕಡಲೆಕಾಯಿ ಸಿಪ್ಪೆಯನ್ನು ನೆಲಕ್ಕೆ ಹಾಕದೆ ಜೇಬಿಗೆ ಹಾಕಿಕೊಂಡದ್ದನ್ನು ಗಮನಿಸಿ, ಎದ್ದು ಬರುವಾಗ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದರು. ಅವಳು ನಾಚಿ ತಲೆ ಬಗ್ಗಿಸಿದಳು. ಏನು ಹೇಳಿದೆ ಅತ್ತೆ ಅಂತ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ದೊಡ್ಡ ಬೂರುಗದ ಮರ ಬಂದಾಗ ಅವರ ಮಾತು ನಿಂತಿತು. ನೀವು ನೋಡಿದ್ದೀರಿ ಅದನ್ನು, ಇನ್ನೂರು ವರ್ಷ ದಾಟಿದ ಮರ. ಬುಡದ ಬೇರುಗಳು ಗೋಡೆಗಳ ಹಾಗೆ ಎದ್ದು, ಮಧ್ಯೆ ಮಧ್ಯೆ ಕೋಣೆಗಳಾಗಿವೆ. ಬೆಂಗಳೂರಿನ ಬಾಡಿಗೆಯ ಲೆಕ್ಕದಲ್ಲಿ ನೋಡಿದರೆ ಆ ಒಂದು ಮರದಲ್ಲಿ ನಾಲ್ಕೈದು ಸಂಸಾರ ಇರಬಹುದು. ದೊಡ್ಡತ್ತೆ ಎಡಕ್ಕೆ ಹೋಗಿ ನೋಡಿದರು, ಬಲಕ್ಕೆ ಬಂದು ನೋಡಿದರು.

‘ಇದೇ’ ಅಂದರು.

ಯಾವುದು ಅಂತ ನಾವು ಕೇಳಲಿಲ್ಲ. ಮಗ ತಾನಾಗಿ ಫೋನು ತೆಗೆದ. ದೊಡ್ಡತ್ತೆ ಸೆರಗು ಸರಿಮಾಡಿಕೊಂಡು, ಎಡಗಡೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತರು. ‘ದುಡ್ಡು ಕೊಡಾಕಿಲ್ಲ, ಮೊದ್ಲೇ ಹೇಳೀನಿ’ ಅಂದರು. ಮಗ ಫೋಟೊ ತೆಗೆದು ಆ ಕ್ಷಣವೇ ತೋರಿಸಿದ. ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ‘ಇಷ್ಟು ಬಿರ್‍ರನೆ ಬರಾದನ್ನ ಅವ್ನು ಪೋಸ್ಟಿಗೆ ಹಾಕ್ತೀನಿ ಅಂದ್ನಲ್ಲೋ’ ಎಂದರು.

ಕೆರೆಯ ಏರಿಯ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ನೀರುಕಾಗೆಗಳು ರೆಕ್ಕೆ ಒಣಗಹಾಕಿಕೊಂಡು ಕೂತಿದ್ದವು. ನಮಗೆ ಹಸಿವು. ಹೆಂಡತಿಯ ಹೆಜ್ಜೆಯ ಲೆಕ್ಕ ಹನ್ನೊಂದು ಸಾವಿರ ದಾಟಿತ್ತು. ಹಸಿದವರ ಕಾಲು ಹತ್ತಿರ ಕಂಡ ಗೇಟಿಗೆ ಎಳೆಯುತ್ತದೆ. ಹೊರಗೆ ಬಂದು ನೋಡಿದರೆ ಪಶ್ಚಿಮದ ಗೇಟು, ತಲೆಯ ಮೇಲೆ ಮೆಟ್ರೋ. ಕಾರು ಇರುವುದು ಪೂರ್ವದಲ್ಲಿ. ಕಾರಿನೊಳಗೆ ಚಿತ್ರಾನ್ನ.

ಲಾಲ್‌ಬಾಗಿಗೆ ನಾಲ್ಕು ದಿಕ್ಕಿಗೆ ನಾಲ್ಕು ಗೇಟು. ಕೆಂಪೇಗೌಡರು ನಾಲ್ಕು ದಿಕ್ಕಿಗೆ ಗೋಪುರ ಕಟ್ಟಿಸಿದ್ದು ಊರಿನ ಎಲ್ಲೆ ಗುರುತಿಸಲು ಅಂತಾರೆ. ಈ ನಾಲ್ಕು ಗೇಟು ಮಾಡಿಸಿದ್ದು ಸಂಸಾರಗಳನ್ನು ಪರೀಕ್ಷಿಸಲು ಎಂದು ನನ್ನ ಅನುಮಾನ. ಯಾರು ಯಾವ ಗೇಟು ಅಂದರು, ಯಾರು ಯಾರ ಮಾತು ಕೇಳಬಾರದಿತ್ತು, ಹದಿನೈದು ವರ್ಷದ ಹಿಂದೆ ಮೈಸೂರಿನಲ್ಲಿ ಹೀಗೇ ಆಗಿತ್ತೋ ಇಲ್ಲವೋ, ಇವೆಲ್ಲ ಫುಟ್‌ಪಾತಿನ ಮೇಲೆಯೇ ಚರ್ಚೆಗೆ ಬಂದವು. ಆಟೋದವರೊಬ್ಬರು ‘ಪೂರ್ತಿ ಸುತ್ತಾಕ್ಬೇಕು ಸಾರ್’ ಎಂದು ಒಂದು ಮೊತ್ತ ಹೇಳಿದರು. ಅಷ್ಟು ದುಡ್ಡಿಗೆ ಶಿರಾ ತಲುಪಬಹುದಿತ್ತು. ಹೆಂಡತಿ, ಹೇಗೂ ಇಷ್ಟು ದೂರ ಬಂದಿದ್ದೇವೆ, ಆ ಕಡೆ ಗೇಟಿನ ಹತ್ತಿರ ಎಂಟಿಆರ್ ಇದೆಯಲ್ಲ, ರವೆ ಇಡ್ಲಿ ಹುಟ್ಟಿದ ಜಾಗ ಅಂತಾರೆ, ಅತ್ತೆಗೂ ತೋರಿಸಿದ ಹಾಗಾಗುತ್ತೆ, ಅಂದಳು. ದೊಡ್ಡತ್ತೆಯ ಹೆಸರಿನಲ್ಲಿ ತಾನು ತಿನ್ನುವ ಯೋಜನೆ. ‘ನಾಲ್ಕೂವರೆಗೆ ಎದ್ದು ಕಲಸಿರೋದು ಹಳಸ್ಕೊಂಡು ಹೋಗ್ಲಾ?’ ಎಂಬ ಒಂದೇ ಪ್ರಶ್ನೆಗೆ ಯೋಜನೆ ಬಿದ್ದುಹೋಯಿತು.

ಗೇಟಿನ ಪಕ್ಕ ಮಾವಿನಕಾಯಿ ಸೀಳಿ ಉಪ್ಪುಖಾರ ಸವರಿ ಮಾರುತ್ತಿದ್ದರು. ಅದರ ಪಕ್ಕ ಹುರಿದ ಕಡಲೆಕಾಯಿ. ನಾನು ಇಪ್ಪತ್ತು ರೂಪಾಯಿ ಕೊಟ್ಟು ಒಂದು ಪೊಟ್ಟಣ ತೆಗೆದುಕೊಂಡೆ. ದೊಡ್ಡತ್ತೆ ಅದನ್ನು ಕೈಗೆ ಸುರಿದುಕೊಂಡು ಎಣಿಸಿದರು. ಮೂವತ್ತೊಂದು ಕಾಯಿ. ಅದರಲ್ಲಿ ಎರಡು ಜೊಳ್ಳು. ವರ್ಷವಿಡೀ ಬೆಳೆದು, ಕಿತ್ತು, ಬಿಡಿಸಿ, ಮೂಟೆ ಲೆಕ್ಕದಲ್ಲಿ ಮಾರುವ ಆ ಹೆಂಗಸಿನ ಮುಖದ ಮೇಲೆ ಆಗ ಏನು ಹಾದುಹೋಯಿತೋ ನಾನು ಬರೆಯಲಾರೆ. ಅವರು ಅಂದದ್ದಿಷ್ಟೇ: ‘ಮುಂದಿನ ಸಲ ಇಲ್ಲೇ ಕೂತ್ಕಂತೀನಿ ಕಣ್ಲಾ.’

ಕೊನೆಗೆ ನಾನೊಬ್ಬನೇ ಸುತ್ತು ಹಾಕಿ ಹೋಗಿ ಕಾರು ತಂದೆ. ಒಂದು ಗಂಟೆ ಹಿಡಿಯಿತು. ಬರುವಷ್ಟರಲ್ಲಿ ದೊಡ್ಡತ್ತೆ ಫುಟ್‌ಪಾತಿನವರೆಲ್ಲರ ನೆಂಟರಾಗಿದ್ದರು, ಮಾವಿನಕಾಯಿಯವಳ ಮಗಳಿಗೆ ಜಡೆ ಹಾಕುತ್ತಿದ್ದರು. ಕಾರಿನಲ್ಲೇ ಡಬ್ಬಿ ಬಿಚ್ಚಿದೆವು. ಬಿಸಿಲಿಗೆ ಚಿತ್ರಾನ್ನ ಮತ್ತೆ ಬಿಸಿಯಾಗಿತ್ತು. ಮೊಸರನ್ನದ ಬಗ್ಗೆ ಮಾತಾಡುವುದು ಬೇಡ.

ರಾತ್ರಿ ಮಲಗುವ ಮುಂಚೆ ದೊಡ್ಡತ್ತೆ ಸೆರಗಿನ ಗಂಟು ಬಿಚ್ಚಿದರು. ಕಪ್ಪಗೆ, ಅಂಟಂಟಾದ ಐದಾರು ಒಣಗಿದ ಕಾಯಿ. ಮಳೆಮರದವು. ನಾವು ಯಾವುದೋ ಫಲಕದ ಮುಂದೆ ಅಪ್ಪ ಮಗ ವಾದ ಮಾಡುತ್ತಿದ್ದಾಗ ನೆಲದಿಂದ ಆರಿಸಿಕೊಂಡಿದ್ದರು. ಅತ್ತೆ, ಅಲ್ಲಿಂದ ಏನೂ ತರಬಾರದು ಅಂದೆ.

‘ಬಿದ್ದಿದ್ದು ಕಣ್ಲಾ. ಐದರಾಲಿ ನಮ್ಮೂರಿಂದ ತರ್ಬೇಕಾರೆ ಯಾರನ್ನ ಕೇಳಿದ್ದ?’

ಜುಲೈ ಕೊನೆಗೆ ಫೋನು ಬಂತು. ಒಡೆದ ಬಿಂದಿಗೆಯಲ್ಲಿ ಹಾಕಿದ ಬೀಜದಲ್ಲಿ ಮೂರು ಮೊಳೆತವಂತೆ. ಗೇಣುದ್ದ ಬಂದಿದ್ದವಂತೆ. ಕೊಟ್ಟಿಗೆಯ ಪಕ್ಕ ಇಟ್ಟಿದ್ದರಂತೆ. ಮೊನ್ನೆ ರಾತ್ರಿ ಹಸು ಹಗ್ಗ ಜಗ್ಗಿಕೊಂಡು ಬಂದು ಮೂರನ್ನೂ ಬುಡದವರೆಗೆ ಮೇಯ್ದು ಹೋಗಿದೆ. ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಆ ಕಡೆಯ ದನಿಯಲ್ಲಿ ದುಃಖದ ಸುಳಿವೇ ಇರಲಿಲ್ಲ.

‘ತಿಂತಾವೆ ಕಣ್ಲಾ! ಅವ್ರಿಗೆ ಹೇಳು, ಆ ಬೋರ್ಡಿನಾಗೆ ಬರ್ಕಳ್ಳಿ.’